ಕಿಮ್‌ಚೂ ನಂಬಿದ ಕೋಳಿ

ಕಿಮ್‌ಚೂಳ ಬಲಗೈ ಹೆಬ್ಬೆರಳಿನ ಮೇಲೆ ಉಗುರಿನ ಬುಡದಿಂದ ಗಿಣ್ಣಿನವರೆಗೆ ಒಂದು ಬಿಳಿ ಗೆರೆ ಇತ್ತು. ಸಿಂಪಿಯ ಚಿಪ್ಪು ಬಿಡಿಸುವ ಚೂರಿ ಜಾರಿ ಆದ ಗಾಯ. ನಮ್ಮ ದಂಡೆಯ ಹೆಂಗಸರಲ್ಲಿ ಈ ಗೆರೆ ಇಲ್ಲದವರು ಕಡಿಮೆ. ಹಿಂದೆಲ್ಲ ಹೆಣ್ಣು ನೋಡಲು ಬಂದವರು ಮುಖಕ್ಕಿಂತ ಮೊದಲು ಹೆಬ್ಬೆರಳು ನೋಡುತ್ತಿದ್ದರು. ಗೆರೆ ಇದ್ದರೆ ದುಡಿಯುವ ಹುಡುಗಿ ಎಂದು ಲೆಕ್ಕ.

ಶ್ಯಾಮೆನ್ ದ್ವೀಪಕ್ಕೆ ಎದುರಾಗಿರುವ ಈ ದಂಡೆಯಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ರಸ್ತೆ ಮಾಡಿದಾಗ ಸಿಂಪಿ ಬೆಳೆಯುವ ಕಲ್ಲುಗಳು ಅರ್ಧಕ್ಕರ್ಧ ಮುಚ್ಚಿಹೋದವು. ಅದೇ ಕಾಲದಲ್ಲಿ ಹೋಂಗ್ ಮನೆತನದ ತ್ಯಾನ್ಸು ತನ್ನ ತಾಯಿಯ ಸಿಂಪಿ ಕೊಟ್ಟಿಗೆಯನ್ನು ತೊಳೆದು, ಅಲ್ಲಿ ಸೈಕಲ್ ಚಕ್ರದ ಕೆಲಸ ಶುರುಮಾಡಿದ. ಕಬ್ಬಿಣದ ಚಕ್ರವಲ್ಲ, ಕಾರ್ಬನ್ನಿನದು. ಕರೀ ನೂಲಿನ ಬಟ್ಟೆಗೆ ಅಂಟು ಕುಡಿಸಿ ಸುರುಳಿ ಮಾಡಿ ಶೀತದ ಕೋಣೆಯಲ್ಲಿ ಇಟ್ಟಿರುತ್ತಾರೆ. ಅದನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ಒಂದರ ಮೇಲೊಂದು ಓರೆಯಾಗಿ, ನೇರವಾಗಿ, ಮತ್ತೆ ಓರೆಯಾಗಿ ಉಕ್ಕಿನ ಅಚ್ಚಿನೊಳಗೆ ಹಾಸಬೇಕು. ನಡುವೆ ಉದ್ದನೆಯ ಗಾಳಿಚೀಲ ಇಟ್ಟು ಅಚ್ಚು ಮುಚ್ಚಿ ಬಿಸಿಗೆ ಕೊಟ್ಟರೆ ಚೀಲ ಉಬ್ಬಿ ಬಟ್ಟೆಯನ್ನು ಅಚ್ಚಿನ ಗೋಡೆಗೆ ಒತ್ತುತ್ತದೆ. ತಣಿದ ಮೇಲೆ ಕಲ್ಲಿನಂತೆ ಗಟ್ಟಿ, ಒಣಮೀನಿನಂತೆ ಹಗುರ. ಒಳಗಿನ ಚೀಲವನ್ನು ಸಣ್ಣ ತೂತಿನಿಂದ ಎಳೆದು ತೆಗೆದು ಕಸಕ್ಕೆ ಹಾಕುತ್ತಾರೆ.

ಇಂಥ ಕೆಲಸಕ್ಕೆ ಗಂಡಸರ ಬೆರಳು ಆಗದು ಎಂದು ತ್ಯಾನ್ಸುವಿಗೆ ಹೇಳಿಕೊಟ್ಟವಳು ಅವನ ತಾಯಿ. ಚಳಿಯಲ್ಲಿ ಮರಗಟ್ಟದ, ಅವಸರದಲ್ಲಿ ತಪ್ಪದ ಬೆರಳು ಬೇಕು, ಅದು ಸಿಂಪಿ ಬಿಡಿಸುವ ಹೆಂಗಸರ ಹತ್ತಿರ ಮಾತ್ರ ಇರುವುದು ಎಂದಳು. ಕಿಮ್‌ಚೂ ಆ ತಾಯಿಯ ಪಕ್ಕದಲ್ಲೇ ಕೂತು ಸಿಂಪಿ ಬಿಡಿಸಿದವಳು. ತ್ಯಾನ್ಸು ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ. ಯಜಮಾನನಾದ ಮೇಲೂ ಹಾಗೆಯೇ ಕರೆದ. ಕೊಟ್ಟಿಗೆ ಹೋಗಿ ದೊಡ್ಡ ಕಟ್ಟಡವಾಯಿತು, ಅವನ ಬೈಕು ಹೋಗಿ ಕಾರು ಬಂತು, ಕೂದಲು ಅರ್ಧ ಹೋಯಿತು. ಚಿಕ್ಕಮ್ಮ ಎನ್ನುವುದು ಮಾತ್ರ ಹೋಗಲಿಲ್ಲ.

ಅವನ ಕಾರ್ಖಾನೆಯಲ್ಲಿ ಒಂದು ಅಚ್ಚಿಗೆ ಇಬ್ಬರು. ಕಿಮ್‌ಚೂಳ ಎದುರು ಕೂರುತ್ತಿದ್ದವಳು ಬೀಹಾ. ಅದೇ ಬೀದಿಗೆ ಸೊಸೆಯಾಗಿ ಬಂದವಳು, ಕಿಮ್‌ಚೂಗಿಂತ ಚಿಕ್ಕವಳು, ಬಾಯಿ ಜೋರು. ಪಟ್ಟಿಯನ್ನು ಎಳೆದು ಹಾಸುವುದು ಬೀಹಾಳ ಪಾಲು, ಪಟ್ಟಿಯ ತುದಿಗಳು ಕೂಡುವಲ್ಲಿ ಒಂದರ ಮೇಲೊಂದು ಕೂರಿಸಿ ಹೆಬ್ಬೆರಳಿನಿಂದ ಒತ್ತಿ ಗಾಳಿ ಹೊರಡಿಸುವುದು ಕಿಮ್‌ಚೂಳ ಪಾಲು. ಚಕ್ರ ಸೀಳಿದರೆ ಆ ಕೂಡಿನಲ್ಲೇ ಸೀಳುವುದು. ಇಬ್ಬರ ಅಚ್ಚಿನಿಂದ ಸೀಳಿದ ಚಕ್ರ ಬಂದದ್ದು ಅಪರೂಪ. ಗಂಡ, ಅತ್ತೆ, ಹಲ್ಲುನೋವು, ಪಕ್ಕದ ಮನೆಯ ನಾಯಿ, ಎಲ್ಲವೂ ಆ ಅಚ್ಚಿನ ಮೇಲೆಯೇ ಚರ್ಚೆಯಾಗುತ್ತಿತ್ತು. ಕಿಮ್‌ಚೂಳ ಗಂಡ ಮೀನುದೋಣಿಯಲ್ಲಿ ಅಡುಗೆಯವನು, ಹೊಸವರ್ಷಕ್ಕೆ ಮಾತ್ರ ದಡ ಕಾಣುವವನು. ಬಂದಾಗಲೆಲ್ಲ, ನಿನಗೆ ಗಂಡ ನಾನೋ ಬೀಹಾನೋ ಎಂದು ಕೇಳುತ್ತಿದ್ದ. ಬೀಹಾ ಅಡುಗೆ ಕೆಟ್ಟದಾಗಿ ಮಾಡುತ್ತಾಳೆ, ಆದ್ದರಿಂದ ನೀನೇ ಎಂದು ಕಿಮ್‌ಚೂ ಹೇಳುತ್ತಿದ್ದಳು.

ಅವರು ಮಾಡಿದ ಚಕ್ರಗಳು ಹೆಸರಿಲ್ಲದೆ ಹೊರಡುತ್ತಿದ್ದವು. ಕಪ್ಪಗೆ, ಬರಿಮೈಯಲ್ಲಿ. ಹೆಸರು ಬೇರೆ ದೇಶದಲ್ಲಿ ಅಂಟಿಸುತ್ತಿದ್ದರು. ಒಮ್ಮೆ ಬೀಹಾ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಹಿಮ ಹೊದ್ದ ಬೆಟ್ಟ, ಅದರ ಬುಡದಲ್ಲಿ ಮರದ ಮನೆ, ಬಿಳಿಗಡ್ಡದ ಮುದುಕ ಚಕ್ರವನ್ನು ಮಗುವಿನಂತೆ ಸವರುತ್ತಿದ್ದಾನೆ. ಈ ಬೆಟ್ಟದ ಮಡಿಲಲ್ಲಿ ತಲೆಮಾರಿನಿಂದ ಕೈಯಲ್ಲೇ ಮಾಡಿದ್ದು ಎಂದು ಕೆಳಗೆ ಬರೆದಿತ್ತು. ಚಕ್ರ ಇವರ ಅಚ್ಚಿನದೇ. ಅಂಚಿನಲ್ಲಿ ಅಂಥ ಉಬ್ಬು ಬೇರೆ ಯಾರ ಅಚ್ಚಿಗೂ ಇರಲಿಲ್ಲ.

"ನೋಡಕ್ಕಾ, ನಿನ್ನ ಗಂಡ ಬಂದಿದಾನೆ," ಎಂದಳು ಬೀಹಾ. "ಗಡ್ಡ ಬಿಟ್ಕೊಂಡು ಬೆಟ್ಟ ಹತ್ತಿದಾನೆ."

ಸಾಲಿಗೆ ಸಾಲೇ ನಕ್ಕಿತು. ತ್ಯಾನ್ಸುವೂ ನಕ್ಕ. ಕೊಳ್ಳುವವರಿಗೆ ಹಿಮ ಬೇಕು, ನಮ್ಮ ಸಿಂಪಿಯ ವಾಸನೆ ಬೇಡ ಎಂದ. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಮೋಸ ಹೋಗುತ್ತಿದ್ದವನು ಎಲ್ಲೋ ದೂರದಲ್ಲಿದ್ದ.

ಇನ್ನು ಕೋಳಿಯ ಮಾತು. ಹನ್ನೆರಡನೆಯ ತಿಂಗಳ ಹುಣ್ಣಿಮೆಯ ಮರುದಿನ ನೆಲ ಕಾಯುವ ದೇವರು ಭೂಮಿತಾತನಿಗೆ ವರ್ಷದ ಕೊನೆಯ ಎಡೆ. ಅಂದು ಯಜಮಾನನಾದವನು ಕೆಲಸದವರಿಗೆಲ್ಲ ಊಟ ಹಾಕಬೇಕು. ತಾತನ ಮುಂದೆ ಎಡೆಯಿಟ್ಟ ಇಡೀ ಕೋಳಿಯನ್ನು, ಕತ್ತು ಎತ್ತಿ ಕೂತ ಹಾಗೆಯೇ, ಊಟದ ಮೇಜಿಗೆ ತರುತ್ತಾರೆ. ಕೋಳಿಯ ಕೊಕ್ಕು ಯಾರ ಕಡೆ ತಿರುಗಿದೆಯೋ ಅವರಿಗೆ ಹೊಸವರ್ಷದಿಂದ ಕೆಲಸವಿಲ್ಲ. ಯಜಮಾನ ಬಾಯಿಬಿಟ್ಟು ಹೇಳುವುದಿಲ್ಲ, ಆಳು ಕಾರಣ ಕೇಳುವುದಿಲ್ಲ. ಯಾರನ್ನೂ ತೆಗೆಯುವ ಮನಸ್ಸಿಲ್ಲದಿದ್ದರೆ ಕೊಕ್ಕನ್ನು ತನ್ನ ಕಡೆಗೇ ತಿರುಗಿಸಿಕೊಂಡು ಕೂರುತ್ತಾನೆ. ಆಗ ಎಲ್ಲರ ಗಂಟಲಲ್ಲೂ ಅನ್ನ ಇಳಿಯುತ್ತದೆ.

ಪೇಟೆಯ ದೊಡ್ಡ ಕಂಪನಿಗಳಲ್ಲಿ ಈಗ ತಲೆಯಿಲ್ಲದ ಕೋಳಿ ತರಿಸುತ್ತಾರೆ, ಅದೊಂದು ತಮಾಷೆಯಾಗಿದೆ. ತ್ಯಾನ್ಸು ಹಾಗೆ ಮಾಡಿದವನಲ್ಲ. ಪ್ರತಿವರ್ಷ ತಾನೇ ಕೈಯಾರೆ ಕೋಳಿಯ ತಟ್ಟೆ ಹೊತ್ತು ತಂದು, ಕೊಕ್ಕನ್ನು ತನ್ನೆದೆಗೆ ತಿರುಗಿಸಿ ಇಡುತ್ತಿದ್ದ. ಒಂದೇ ಒಂದು ವರ್ಷ ಅದು ಉಜ್ಜುವ ವಿಭಾಗದ ಒಬ್ಬನ ಕಡೆ ತಿರುಗಿತು. ಅಚ್ಚಿನ ಬಿಡಿಭಾಗ ಕದ್ದು ಮಾರಿದವನು. ಅವನು ಕೋಳಿಯನ್ನು ನೋಡಿದ, ಮೀನಿನ ಸಾರು ಬರುವ ಮುಂಚೆಯೇ ಟೋಪಿ ತೆಗೆದಿಟ್ಟು ಎದ್ದುಹೋದ. ಅಂದಿನಿಂದ ಆ ಕಾರ್ಖಾನೆಯಲ್ಲಿ ಯಾವ ಮಾತನ್ನೂ ನಂಬದವರೂ ಕೋಳಿಯನ್ನು ನಂಬುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ದಕ್ಷಿಣದ ಗಡಿಯಾಚೆಯಿಂದ, ವಿಯೆಟ್ನಾಮಿನಿಂದ, ಕೆಲವು ಹುಡುಗಿಯರು ಬಂದರು. ಕೆಲಸ ನೋಡಿ ಕಲಿತು ಹೋಗಲಿ ಚಿಕ್ಕಮ್ಮಾ, ಅಲ್ಲಿಯ ಗೆಳೆಯರೊಬ್ಬರು ಕೇಳಿಕೊಂಡರು ಎಂದ ತ್ಯಾನ್ಸು. ಅವರಲ್ಲಿ ಹ್ವೇ ಎಂಬವಳು ಕಿಮ್‌ಚೂಳ ಪಕ್ಕ ಕೂತಳು. ಭಾಷೆ ಬಾರದು, ಆದರೆ ಅವಳೂ ನದೀಮುಖದವಳು, ಬೆರಳು ಹೇಳಿದಂತೆ ಕೇಳುತ್ತಿತ್ತು. ಕಿಮ್‌ಚೂ ಅವಳ ಹೆಬ್ಬೆರಳನ್ನು ತನ್ನ ಹೆಬ್ಬೆರಳ ಕೆಳಗಿಟ್ಟುಕೊಂಡು ಕೂಡು ಒತ್ತಿಸಿದಳು. ಚಹದ ಲೋಟಕ್ಕೆ ಬೆರಳು ತಾಗಿಸಿ ಬೆಚ್ಚಗೆ ಮಾಡಿಕೊಂಡರೆ ಅಂಟು ಬೇಗ ಒಪ್ಪುತ್ತದೆ ಎಂಬುದನ್ನೂ ತೋರಿಸಿದಳು. ಬೀಹಾಳಿಗೂ ಅದನ್ನು ಎಂದೂ ತೋರಿಸಿರಲಿಲ್ಲ. ಅವಳಿಗೆ ಬೇಕಿರಲೂ ಇಲ್ಲ, ಎದುರಿಗೆ ಕಿಮ್‌ಚೂ ಇರುವಾಗ.

ಹುಡುಗಿಯರು ಹೋದ ಮೇಲೆ ಹಿಂದಿನ ಸಾಲಿನ ಅಚ್ಚುಗಳು ಒಂದೊಂದಾಗಿ ಎಣ್ಣೆ ಬಳಿಸಿಕೊಂಡು ಮರದ ಪೆಟ್ಟಿಗೆ ಸೇರತೊಡಗಿದವು. ಹೊಳಪು ಹಿಡಿಸಲು ಕಳಿಸುತ್ತಿದ್ದೇವೆ, ಹೊಸವರ್ಷಕ್ಕೆ ಬರುತ್ತವೆ ಎಂದರು ಕಚೇರಿಯವರು. ಬೀಹಾಳ ಗಂಡ ಲಾರಿ ಓಡಿಸುವವನು. ಪೆಟ್ಟಿಗೆಗಳನ್ನು ಸಾಗಿಸಿದವನು ಅವನೇ. ತಮ್ಮ ಅಚ್ಚಿನ ಸರದಿ ಬಂದಾಗ ಕಿಮ್‌ಚೂ ಮನೆಯಿಂದ ಹಳೆಯ ಹತ್ತಿಯ ರಜಾಯಿ ತಂದು ಅದಕ್ಕೆ ಸುತ್ತಿದಳು. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಉಳಿದಿದ್ದ ಅಚ್ಚಿಗೆ ಕೂರಿಸಿದ್ದರು.

"ಅಚ್ಚಿಗೂ ಚಳಿಯಾಗತ್ತೇನಕ್ಕಾ?" ಎಂದು ಬೀಹಾ ಕೇಳಿದಳು.

ಲಾರಿಯಲ್ಲಿ ಕುಲುಕಾಡಿ ಅಂಚು ಮುಕ್ಕಾದರೆ ಅನುಭವಿಸುವವರು ನಾವೇ ತಾನೆ ಎಂದಳು ಕಿಮ್‌ಚೂ. ಬೀಹಾ ನಗಲಿಲ್ಲ. ಅದು ಕಿಮ್‌ಚೂಳ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಅದೇ ವಾರ ರಸ್ತೆಯಾಚೆಯ ಸಣ್ಣ ಚಕ್ರದ ಕಾರ್ಖಾನೆಯ ಚ್ವಾ ಯಜಮಾನಿ ಮಾರುಕಟ್ಟೆಯಲ್ಲಿ ಕಿಮ್‌ಚೂಳ ತೋಳು ಹಿಡಿದು ನಿಲ್ಲಿಸಿದಳು. ತನ್ನಲ್ಲಿ ಒಂದು ಕುರ್ಚಿ ಖಾಲಿಯಾಗುತ್ತಿದೆ, ಒಂದೇ ಒಂದು. ಕಿಮ್‌ಚೂ ಬಂದರೆ ಬೇರೆ ಯಾರನ್ನೂ ನೋಡುವುದಿಲ್ಲ. ಆದರೆ ಹೊಸವರ್ಷದ ರಜೆಗೆ ಮುಂಚೆ ಉತ್ತರ ಬೇಕು. ಗಾಳಿ ಹೇಗೆ ಬೀಸುತ್ತದೋ ಹೇಳಲಾಗದು, ಯೋಚನೆ ಮಾಡು ಎಂದಳು.

ಕಿಮ್‌ಚೂ ಯೋಚನೆ ಮಾಡಿದಳು. ಐವತ್ತು ದಾಟಿದ ಹೆಂಗಸನ್ನು ಯಾವ ಕಾರ್ಖಾನೆಯೂ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಕೂತ ಕುರ್ಚಿ ಹೋದರೆ ಮತ್ತೆ ಸಿಂಪಿಯ ಕೊಟ್ಟಿಗೆಯೇ, ಮಂಜಿನಂಥ ನೀರೇ. ಬೆರಳಿನ ಗಿಣ್ಣುಗಳು ಆಗಲೇ ಚಳಿಗೆ ಊದುತ್ತಿದ್ದವು. ಈ ಕರೆ ಎರಡನೆಯ ಸಲ ಬರುವುದಲ್ಲ. ಆದರೆ ತ್ಯಾನ್ಸುವನ್ನು ಬಿಟ್ಟುಹೋಗುವುದೆಂದರೆ ಅವನ ತಾಯಿಯ ಮುಖಕ್ಕೆ ಬೆನ್ನು ತಿರುಗಿಸಿದಂತೆ. ಎಲ್ಲವನ್ನೂ ಬೀಹಾಳ ಮುಂದೆ ಬಿಚ್ಚಿಟ್ಟಳು.

ಬೀಹಾ ಕೊಯ್ಯುತ್ತಿದ್ದ ಪಟ್ಟಿಯಿಂದ ಕಣ್ಣೆತ್ತಲಿಲ್ಲ. "ಯಾಕಕ್ಕಾ ಅವಸರ? ಕೋಳಿ ಬರಲಿ. ಕೊಕ್ಕು ತಿರುಗಿದ್ರೆ ಹೋಗು, ಇಲ್ದಿದ್ರೆ ಕೂತ್ಕೋ. ಅದಕ್ಕಿಂತ ಸರಿಯಾಗಿ ಯಾರು ಹೇಳ್ತಾರೆ?"

ಕಿಮ್‌ಚೂಳಿಗೂ ಅದೇ ಸರಿ ಎನಿಸಿತು. ಖಾಲಿಯಾದ ಸಾಲುಗಳು ಕಣ್ಣೆದುರೇ ಇದ್ದವು, ಗಡಿಯಾಚೆಯ ಹುಡುಗಿಯರನ್ನು ಕೈಹಿಡಿದು ಕಲಿಸಿದವಳೂ ಅವಳೇ. ಬೇರೆ ಊರಿನವರಾಗಿದ್ದರೆ ಆ ಖಾಲಿ ಜಾಗ ನೋಡಿಯೇ ಗಂಟುಮೂಟೆ ಕಟ್ಟುತ್ತಿದ್ದರು. ನಮ್ಮ ದಂಡೆಯವರು ಕೋಳಿಗೆ ಕಾದರು.

ಎಡೆಯ ದಿನ ಮಧ್ಯಾಹ್ನವೇ ಅಂಗಳದಲ್ಲಿ ದುಂಡುಮೇಜುಗಳು ಬಿದ್ದವು. ಭೂಮಿತಾತನ ಸಣ್ಣ ಗುಡಿಯ ಮುಂದೆ ತ್ಯಾನ್ಸು ಊದುಬತ್ತಿ ಹಿಡಿದು ಬಹಳ ಹೊತ್ತು ನಿಂತ. ತೆಳುರೊಟ್ಟಿಯ ಸುರುಳಿಗಳು ಬಂದವು, ಸಿಂಪಿಯ ದೋಸೆ ಬಂತು, ಶಾವಿಗೆ ಬಂತು. ಆಮೇಲೆ ಅವನು ಕೋಳಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹೊತ್ತು ನಡುಮೇಜಿಗೆ ಬಂದ. ಯಾರೋ ಕೆಮ್ಮಿದ್ದು ಕೊನೆಯ ಮೇಜಿಗೂ ಕೇಳಿಸಿತು.

ತಟ್ಟೆಯನ್ನು ಇಟ್ಟ. ಅದನ್ನು ಮೆಲ್ಲಗೆ ತಿರುಗಿಸಿದ. ಕೋಳಿಯ ಕೊಕ್ಕು ಕಿಮ್‌ಚೂಳನ್ನು ದಾಟಿತು, ಬೀಹಾಳನ್ನು ದಾಟಿತು, ಲೆಕ್ಕ ಬರೆಯುವವನನ್ನು ದಾಟಿತು, ತ್ಯಾನ್ಸುವಿನ ಎದೆಯ ಮುಂದೆ ಬಂದು ನಿಂತಿತು. ಅವನು ಕೂತ. "ಊಟ ಮಾಡಿ. ಎಲ್ರೂ ಹೊಟ್ಟೆ ತುಂಬ ಊಟ ಮಾಡಿ," ಎಂದ.

ಅಂಗಳವೆಲ್ಲ ಗದ್ದಲವಾಯಿತು. ಕಿಮ್‌ಚೂಳ ಕಣ್ಣಲ್ಲಿ ನೀರು ಬಂತು, ಮೆಣಸಿನ ಖಾರವೆಂದು ಒರೆಸಿಕೊಂಡಳು. ಬೀಹಾ ಕೋಳಿಯ ರೆಕ್ಕೆಯೊಂದನ್ನು ಮುರಿದು ಅವಳ ಬಟ್ಟಲಿಗೆ ಹಾಕಿದಳು. ತಾನು ಕೋಳಿ ಮುಟ್ಟಲಿಲ್ಲ. ಹಲ್ಲುನೋವು ಎಂದಳು.

ಮರುದಿನ ಕಿಮ್‌ಚೂ ಒಂದು ಡಬ್ಬಿ ಕಡಲೆಬೀಜದ ಮಿಠಾಯಿ ತೆಗೆದುಕೊಂಡು ಚ್ವಾ ಯಜಮಾನಿಯ ಬಾಗಿಲಿಗೆ ಹೋದಳು. ಇಲ್ಲವೆನ್ನಲು ಹೋದವರು ಬರಿಗೈಲಿ ಹೋಗಬಾರದು. ಚ್ವಾ ಮಿಠಾಯಿ ತೆಗೆದುಕೊಂಡು, ನೀನು ಬರುವುದಿಲ್ಲವೆಂದು ಬೀಹಾ ಆಗಲೇ ಹೇಳಿ ಹೋದಳಲ್ಲ, ಮತ್ತೇಕೆ ಈ ತೊಂದರೆ ಎಂದಳು. ಅವಳು ಯಾವಾಗ ಬಂದಿದ್ದಳು ಎಂದು ಕಿಮ್‌ಚೂ ಕೇಳಲಿಲ್ಲ. ಪಾಪ, ನನ್ನ ಕಾಲಿಗೆ ನಡೆಯುವ ಕೆಲಸ ತಪ್ಪಿಸಲು ನೋಡಿದ್ದಾಳೆ ಎಂದುಕೊಂಡೇ ಮನೆಗೆ ಬಂದಳು.

ಹೊಸವರ್ಷ ಬಂತು. ಗಂಡ ಉಪ್ಪುಮೀನಿನ ಚೀಲದ ಜೊತೆ ಬಂದ, ತಿಂದ, ಮಲಗಿದ, ಮತ್ತೆ ದೋಣಿಗೆ ಹೋದ. ಕೆಲಸ ಶುರುವಾಗುವ ದಿನ ಕಿಮ್‌ಚೂ ಒಗೆದ ಬಿಳಿಟೋಪಿ ಹಾಕಿಕೊಂಡು ಹೊರಟಳು. ಕಾರ್ಖಾನೆಯ ಗೇಟಿನ ಮುಂದೆ ವರ್ಷದ ಕೆಲಸ ಶುರುವಿಗೆ ಸುಡುವ ಪಟಾಕಿ ಹಚ್ಚಿರಲಿಲ್ಲ. ಅದನ್ನು ಕಂಡು ಅವಳು ಬೇಗಬೇಗ ಒಳಗೆ ಹೋದಳು.

ಒಳಗೆ ಸಭೆ ಮುಗಿದ ಮನೆಯಂತೆ ಖಾಲಿ. ಅಚ್ಚುಗಳಿದ್ದ ಕಡೆ ನೆಲದ ಮೇಲೆ ಬೆಳ್ಳಗಿನ ಚೌಕಗಳು, ಮೊಳೆ ಕಿತ್ತ ತೂತುಗಳು. ಶೀತದ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಮೂಲೆಯಲ್ಲಿ ಅವಳ ರಜಾಯಿ ಎಣ್ಣೆ ಹತ್ತಿ ಮುದ್ದೆಯಾಗಿ ಬಿದ್ದಿತ್ತು. ಅಚ್ಚು ಹೋಗಿತ್ತು, ಹೊದಿಕೆ ಉಳಿದಿತ್ತು.

ತ್ಯಾನ್ಸು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹಣವಿಟ್ಟ ಕೆಂಪು ಲಕೋಟೆ ಕೊಡುತ್ತಿದ್ದ. ಕೆಲಸ ಗಡಿಯಾಚೆಗೆ ಹೋಯಿತು, ಕೊಳ್ಳುವವರು ಹಾಗೆಂದು ಹಠ ಹಿಡಿದರು, ನನ್ನ ಕೈಯಲ್ಲಿ ಏನಿತ್ತು ಎಂದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. ಕೆಲವರು ಬೈದರು, ಕೆಲವರು ಅತ್ತರು. ಕಿಮ್‌ಚೂ ಲಕೋಟೆಗೆ ಕೈಚಾಚಲಿಲ್ಲ.

"ಕೊಕ್ಕು ನಿನ್ನ ಕಡೆ ಇತ್ತಲ್ಲೋ," ಎಂದಳು.

"ಚಿಕ್ಕಮ್ಮಾ, ಅದು ಕೋಳಿ. ಕಾಲ ಎಲ್ಲಿಗೆ ಬಂತು, ಇನ್ನೂ ಕೋಳಿ ನೋಡ್ಕೊಂಡು..."

"ತಾತನ ಮುಂದೆ ಇಟ್ಟ ಕೋಳಿ ಕಣೋ ಅದು. ನಮ್ ಕಡೆ ತಿರುಗಿಸಿದ್ರೆ ಎದ್ದು ಹೋಗ್ತಿದ್ವಿ. ಯಾರೂ ಒಂದ್ ಮಾತು ಕೇಳ್ತಿರ್ಲಿಲ್ಲ."

ಅವನು ಲಕೋಟೆಯ ತುದಿಯನ್ನು ಉಗುರಿನಿಂದ ಗೀರಿದ. "ಅದೇ ಚಿಕ್ಕಮ್ಮಾ. ಎದ್ದು ಹೋಗ್ತಿದ್ರಿ. ಕೊನೇ ಸರಕು ಬಾಕಿ ಇತ್ತು, ಅದನ್ನ ಯಾರು ಮುಗಿಸ್ತಿದ್ರು?"

ಇಷ್ಟನ್ನು ಅವನು ನಿಜವೇ ಹೇಳಿದ. ಕಿಮ್‌ಚೂ ಅವನ ಮುಖವನ್ನು ನೋಡಿದಳು. ಸಿಂಪಿಯ ಬುಟ್ಟಿಯ ಹಿಂದೆ ಬರಿಮೈಯಲ್ಲಿ ಕೂತು ಅವಳ ಕೈಯಿಂದ ಗೆಣಸು ತಿಂದ ಮುಖ. "ಚಕ್ರಕ್ಕೆ ಹಿಮದ ಬೆಟ್ಟದ ಹೆಸರು ಹಾಕ್ದಾಗ ನಾನೂ ನಕ್ಕಿದ್ದೆ ಕಣೋ," ಎಂದಳು. "ಆವತ್ತೇ ಗೊತ್ತಾಗ್ಬೇಕಿತ್ತು ನಂಗೆ." ರಜಾಯಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಳು.

ಬೀಹಾ ಬಂದಿರಲಿಲ್ಲ. ಸುದ್ದಿ ಕೇಳಿ ಮನೆಯಲ್ಲೇ ಕುಸಿದಿರಬೇಕೆಂದು ಕಿಮ್‌ಚೂ ಮೂಲೆಯ ಅಂಗಡಿಯಲ್ಲಿ ಬಿಸಿ ಕಡಲೆಬೀಜದ ಪಾಯಸ ಕಟ್ಟಿಸಿಕೊಂಡಳು. ಇಬ್ಬರೂ ಕೂತು ಅಳುವುದಾದರೆ ಹೊಟ್ಟೆಗೆ ಏನಾದರೂ ಬೇಕಲ್ಲ. ಬೀಹಾಳ ಮನೆಗೆ ಹೋಗುವ ದಾರಿ ಚ್ವಾ ಕಾರ್ಖಾನೆಯ ಮುಂದೆಯೇ. ಅಲ್ಲಿ ಆಗತಾನೆ ಪಟಾಕಿ ಸುಟ್ಟು ನೆಲವೆಲ್ಲ ಕೆಂಪು ಕಾಗದ. ಅರ್ಧ ಎತ್ತಿದ ಕಬ್ಬಿಣದ ಬಾಗಿಲ ಕೆಳಗಿನಿಂದ ಒಳಗಿನ ಮೇಜುಗಳು ಕಾಣುತ್ತಿದ್ದವು. ಮೊದಲನೆಯ ಅಚ್ಚಿನ ಮುಂದೆ ಬಿಳಿಟೋಪಿ ಹಾಕಿಕೊಂಡು ಬೀಹಾ ಕೂತಿದ್ದಳು.

ಪೆಟ್ಟಿಗೆಗಳು ಹೊಳಪು ಹಿಡಿಸಲಲ್ಲ, ಬಂದರಿಗೆ ಹೋದದ್ದು ಲಾರಿಯವನ ಹೆಂಡತಿಗೆ ಗೊತ್ತಿಲ್ಲದೆ ಹೋಗಿದ್ದಲ್ಲ. ಚ್ವಾಳ ಬಾಗಿಲಿಗೆ ಅವಳು ಬಂದು ಹೋದದ್ದು ಎಡೆಯ ಮರುದಿನವೂ ಅಲ್ಲ, ಎಡೆಗೆ ಮುಂಚೆ. ಕಿಮ್‌ಚೂ ಯಾವ ಉತ್ತರಕ್ಕೂ ಬರುವ ಮೊದಲೇ ಅವಳ ಉತ್ತರವನ್ನು ಬೀಹಾ ಕೊಟ್ಟಾಗಿತ್ತು. ಇದೆಲ್ಲ ಕಿಮ್‌ಚೂಳಿಗೆ ಆ ರಸ್ತೆಯಲ್ಲಿ ನಿಂತಲ್ಲೇ, ಸಿಂಪಿಯ ಬಾಯಿ ತೆರೆದ ಹಾಗೆ, ಒಂದೇ ಸಲಕ್ಕೆ ತೆರೆಯಿತು. ಬೀಹಾ ತಲೆ ಎತ್ತಿದಳು. ಇಬ್ಬರ ಕಣ್ಣೂ ಕೂಡಿದವು. ಬೀಹಾ ಪಟ್ಟಿಯನ್ನು ಎತ್ತಿಕೊಂಡು ಹಾಸತೊಡಗಿದಳು.

ತ್ಯಾನ್ಸು ಮಾಡಿದ್ದನ್ನು ಕಿಮ್‌ಚೂ ಜನರ ಮುಂದೆ ಆಡಿಕೊಂಡಳು, ಶಪಿಸಿದಳು, ಅವನ ತಾಯಿಯ ಸಮಾಧಿಗೆ ಹೋಗಿ ದೂರು ಕೊಟ್ಟೂ ಬಂದಳು. ಬೀಹಾಳ ಹೆಸರನ್ನು ಮಾತ್ರ ಎಲ್ಲೂ ಎತ್ತಲಿಲ್ಲ. ಯಜಮಾನ ಎಷ್ಟಾದರೂ ಯಜಮಾನ. ಬಟ್ಟಲಿಗೆ ರೆಕ್ಕೆ ಮುರಿದು ಹಾಕಿದವಳ ವಿಷಯ ಯಾರಿಗೆ ಹೇಳುವುದು?

ಅವಳು ಮತ್ತೆ ಸಿಂಪಿಯ ಕೊಟ್ಟಿಗೆಗೆ ಹೋದಳು. ಉಳಿದ ಕಲ್ಲುಗಳ ಸಿಂಪಿ, ಹಳೆಯ ಚೂರಿ, ರಬ್ಬರಿನ ಕೈಗವಸು. ಬೇಸಗೆಯಲ್ಲಿ ಹೇಗೋ ಆಯಿತು. ಚಳಿ ಬಂದಾಗ ಗಿಣ್ಣುಗಳು ಶುಂಠಿಯಂತೆ ಊದಿದವು. ಮೊದಲಿನಷ್ಟು ಬುಟ್ಟಿ ತುಂಬಲಾಗಲಿಲ್ಲ, ಪಕ್ಕದ ಹುಡುಗಿಯರು ಅಜ್ಜಿ ಎಂದು ಕರೆಯತೊಡಗಿದರು. ಗಡಿಯಾಚೆ ಹ್ವೇ ತನ್ನ ಅಚ್ಚಿನಲ್ಲಿ ಕೂಡು ಒತ್ತುತ್ತಿರಬಹುದು ಎಂದು ಆಗಾಗ ನೆನಪಾಗುತ್ತಿತ್ತು. ಅವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಆ ಚಕ್ರಗಳಿಗೂ ಹಿಮದ ಬೆಟ್ಟದ ಹೆಸರೇ ಅಂಟುತ್ತಿತ್ತು.

ಮತ್ತೆ ವರ್ಷದ ಕೊನೆಯ ಎಡೆ ಬಂತು. ಮನೆಯಲ್ಲಿ ಭೂಮಿತಾತನಿಗೆ ಒಂದು ಕೋಳಿ ಬೇಯಿಸಿ, ಕತ್ತು ನಿಲ್ಲಿಸಿ ಕಟ್ಟಿ, ಊದುಬತ್ತಿ ಹಚ್ಚಿ ಕಿಮ್‌ಚೂ ಕೂತಿದ್ದಳು. ಬಾಗಿಲಲ್ಲಿ ನೆರಳು ಕಂಡಿತು. ಬೀಹಾ. ಕೈಯಲ್ಲಿ ಕಿತ್ತಳೆಯ ಚೀಲ. ಮುಖ ಇಳಿದುಹೋಗಿತ್ತು.

ಎಡೆಯ ದಿನ ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು. ಕಿಮ್‌ಚೂ ಸ್ಟೂಲು ತಳ್ಳಿದಳು. ಬೀಹಾ ಕೂತು ನೆಲ ನೋಡುತ್ತ ಹೇಳಿದಳು. ಅಲ್ಲಿ ಕೂಡು ಒತ್ತುವುದೂ ಅವಳೇ, ಚಕ್ರಗಳು ಕೂಡಿನಲ್ಲಿ ಸೀಳುತ್ತಿವೆ. ಎಷ್ಟು ಒತ್ತಿದರೂ ಒಳಗೆ ಗಾಳಿ ಉಳಿಯುತ್ತದೆ. ಚ್ವಾ ಯಜಮಾನಿ ಎರಡನೆಯ ಕುರ್ಚಿ ಹಾಕಲು ಒಪ್ಪಿದ್ದಾಳೆ, ಕಿಮ್‌ಚೂ ಬಂದರೆ ಇಬ್ಬರಿಗೂ ಕೆಲಸ. ಬಾರದಿದ್ದರೆ ಬೀಹಾಳನ್ನೂ ಇಟ್ಟುಕೊಳ್ಳುವುದಿಲ್ಲವಂತೆ.

"ಬಾ ಅಕ್ಕಾ. ನಾನು ಮಾಡಿದ್ದು ಮಾಡಿಬಿಟ್ಟೆ. ನನ್ ಗಂಡ ಪೆಟ್ಟಿಗೆ ಹೊತ್ಕೊಂಡು ಹೋದಾಗ ಹೆದರಿಬಿಟ್ಟೆ. ಇದ್ದಿದ್ದು ಒಂದೇ ಕುರ್ಚಿ."

"ಕೇಳಿದ್ರೆ ಕೊಡ್ತಿದ್ದೆ ಕಣೇ," ಎಂದಳು ಕಿಮ್‌ಚೂ. ಹೇಳಿದ ಮೇಲೆ, ಅದು ನಿಜವೆಂದು ಅವಳಿಗೇ ಗೊತ್ತಾಯಿತು.

ಒಲೆಯ ಬಳಿ ಬೆಚ್ಚಗಿತ್ತು. ಊದಿದ ಬೆರಳುಗಳು ಆ ಬಿಸಿಗೆ ಸ್ವಲ್ಪ ಸಡಿಲವಾಗಿದ್ದವು. ರಸ್ತೆಯಾಚೆಯ ಕುರ್ಚಿ, ಚಹದ ಬಿಸಿ ಲೋಟ, ಎದುರಿಗೆ ಮತ್ತೆ ಇದೇ ಮುಖ. ಕಿಮ್‌ಚೂ ಎದ್ದು ತಾತನ ಮುಂದಿನಿಂದ ಕೋಳಿಯ ತಟ್ಟೆ ಎತ್ತಿ ತಂದಳು. ಎರಡು ಬಟ್ಟಲು ಅನ್ನ ಬಡಿಸಿದಳು. ತೆಳುರೊಟ್ಟಿ, ಶಾವಿಗೆ, ಬೀಹಾಳಿಗೆ ಇಷ್ಟವಾದ ಮೂಲಂಗಿಯ ಉಪ್ಪಿನಕಾಯಿ, ಯಾವುದನ್ನೂ ಬಿಡಲಿಲ್ಲ. ಎಲ್ಲ ಇಟ್ಟಾದ ಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ತಿರುಗಿಸಿ, ಕೊಕ್ಕನ್ನು ಬೀಹಾಳ ಕಡೆ ನಿಲ್ಲಿಸಿದಳು.

ಬೀಹಾ ಕೋಳಿಯನ್ನು ನೋಡಿದಳು. "ತಿರುಗ್ಸಕ್ಕಾ ಅದನ್ನ."

"ನಮ್ಮನೆ ಕೋಳಿ ಸುಳ್ಳು ಹೇಳಲ್ಲ. ಊಟ ಮಾಡು."

ಬೀಹಾ ಕೈಗೆ ಊಟದ ಕಡ್ಡಿ ತೆಗೆದುಕೊಂಡಳು, ಕೆಳಗಿಟ್ಟಳು. ಕಾರಣ ಕೇಳಲಿಲ್ಲ. ಕೇಳಬಾರದೆಂಬುದು ಅವಳಿಗೂ ಗೊತ್ತಿತ್ತು. ಕಿತ್ತಳೆಯ ಚೀಲವನ್ನು ಹೊಸ್ತಿಲ ಬಳಿ ಬಿಟ್ಟು ಹೊರಟುಹೋದಳು.

ಕಿಮ್‌ಚೂ ಬೀಹಾಳ ಅನ್ನದ ಬಟ್ಟಲನ್ನು ಮುಚ್ಚಿಟ್ಟಳು. ಕೋಳಿಯ ರೆಕ್ಕೆ ಮುರಿದಳು, ತಿನ್ನದೆ ತಟ್ಟೆಗೇ ಇಟ್ಟಳು. ಬೆಳಗಾದರೆ ಸಮುದ್ರದ ಇಳಿತದ ಹೊತ್ತು, ಸಿಂಪಿಯ ಬುಟ್ಟಿಗಳು ಬರುತ್ತವೆ. ಚೂರಿಯನ್ನು ಕಲ್ಲಿಗೆ ಉಜ್ಜುತ್ತ ಕೂತಳು.